ಎಂಜಲು ಬ್ರಷ್

ನಾನು ಒಂದು ಬ್ರಷ್. ಕುಂಚ ಎಂದೂ ಕರೆಯುತ್ತಾರೆ. ಹಾಗೆ ಕರೆಯುವವರು ಸಾಮಾನ್ಯವಾಗಿ ಸನ್ಮಾನ ಸಮಾರಂಭಗಳಲ್ಲಿ ಮಾತಾಡುವವರು, ನನ್ನನ್ನು ಕೈಯಲ್ಲಿ ಹಿಡಿದವರಲ್ಲ.

ಎಲ್ಲರೂ ಹುಟ್ಟಿ, ಬದುಕಿ, ಆಮೇಲೆ ಸಾಯುತ್ತಾರೆ. ನನ್ನದು ತಿರುಗುಮುರುಗು. ಹಿಮ ಬೀಳುವ ಯಾವುದೋ ದೇಶದಲ್ಲಿ, ಮುಂಗುಸಿಯನ್ನು ಹೋಲುವ ಪ್ರಾಣಿಯೊಂದು ಸತ್ತ ಮೇಲೆಯೇ ನಾನು ಹುಟ್ಟಿದ್ದು. ಅದರ ಬಾಲದ ಕೂದಲು ಆರಿಸಿ, ತುದಿಗಳನ್ನು ಹೊಂದಿಸಿ, ಬುಡಕ್ಕೆ ಅಂಟು ಹಾಕಿ ಲೋಹದ ಕೊರಳಪಟ್ಟಿಯೊಳಗೆ ಬಿಗಿದರು. ಕೆಳಗೆ ಕಪ್ಪು ಹಿಡಿಕೆ ಜೋಡಿಸಿದರು. ಪ್ರಾಣಿ ಸತ್ತ ಸುದ್ದಿಯನ್ನು ಕೂದಲಿಗೆ ಮಾತ್ರ ಯಾರೂ ತಿಳಿಸಿದಂತಿಲ್ಲ. ಬಗ್ಗಿಸಿ ಬಿಟ್ಟರೆ ಈಗಲೂ ಸೆಟೆದು ನಿಲ್ಲುತ್ತದೆ. ನನಗಿರುವ ಮರ್ಯಾದೆಯೆಲ್ಲ ಆ ಸೆಟೆತಕ್ಕೆ.

ಮುಂಬೈಯ ಅಂಗಡಿಯೊಂದರ ಗಾಜಿನ ಕಪಾಟಿನಿಂದ ನನ್ನನ್ನು ಬಿಡಿಸಿ ತಂದವನು ಹುಬ್ಬಳ್ಳಿಯ ತಿಪ್ಪಣ್ಣ ಚಿತ್ರಗಾರ. ಅವನ ಹಿರಿಯರು ಮರದ ದೇವರಿಗೆ ಬಣ್ಣ ಬರೆದವರು. ಇವನು ಮಕ್ಕಳ ಮಾಸಪತ್ರಿಕೆಗೆ ದೆವ್ವದ ಚಿತ್ರಕಥೆ ಬರೆಯುತ್ತಿದ್ದ. ಮೊದಲು ಪೆನ್ಸಿಲ್ಲಿನಲ್ಲಿ ಗೀಚಿ, ಆಮೇಲೆ ನನ್ನನ್ನು ಶಾಯಿಯಲ್ಲಿ ಅದ್ದಿ ಗೆರೆ ತೀಡುವುದು ಅವನ ಪದ್ಧತಿ.

“ಅಪ್ಪ ದೇವರ್ನ ಬರದ, ನಾ ದೆವ್ವ ಬರೀತೀನಿ,” ಎನ್ನುತ್ತಿದ್ದ. “ಮಂದಿ ಎರಡಕ್ಕೂ ಅಂಜತಾರ. ದಂಧೆ ಒಂದ.”

ಹಿರಿಯರ ಒಂದು ಕಟ್ಟಳೆಯನ್ನು ಮಾತ್ರ ಅವನು ಬಿಟ್ಟಿರಲಿಲ್ಲ. ಮೂರ್ತಿಯ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ತೆರೆಯಬೇಕು, ಮುಖ ಬರೆದ ಮನೆಯವರೇ ತೆರೆಯಬೇಕು. ಹಾಗೇ ಬಿಟ್ಟರೆ ಆ ಮುಖ ತಾನೂ ಮಲಗುವುದಿಲ್ಲ, ಮನೆಯನ್ನೂ ಮಲಗಗೊಡುವುದಿಲ್ಲ. ಇದನ್ನು ತಿಪ್ಪಣ್ಣ ನಗುನಗುತ್ತಲೇ ಹೇಳುತ್ತಿದ್ದ. ಆದರೆ ಒಂದು ಹಾಳೆಯನ್ನೂ ಕಣ್ಣಿಲ್ಲದೆ ಬಿಟ್ಟು ಎದ್ದವನಲ್ಲ.

ಇನ್ನೊಂದು ಅಭ್ಯಾಸ ಅವನ ಸ್ವಂತದ್ದು. ಪ್ರತಿ ಗೆರೆಗೆ ಮುಂಚೆ ನನ್ನನ್ನು ತುಟಿಗಳ ನಡುವೆ ಎಳೆದು ತುದಿ ಚೂಪು ಮಾಡಿಕೊಳ್ಳುತ್ತಿದ್ದ. ದೇವರಿಗೆ ಬರೆಯುವ ಬ್ರಷ್ ಎಂಜಲಾಗಬಾರದು. ದೆವ್ವಗಳಿಗೆ ಅಂಥ ಮಡಿಯಿಲ್ಲ.

ನನ್ನ ಸ್ನಾನದ ಜವಾಬ್ದಾರಿ ಅವನ ಹೆಂಡತಿ ನೀಲವ್ವನದು. ತಣ್ಣೀರಿನಲ್ಲಿ ನೆನೆಸಿ, ಅಂಗೈಯ ಮೇಲೆ ಸಾಬೂನಿನ ನೊರೆ ಮಾಡಿ, ಕಪ್ಪು ಬಿಡುವವರೆಗೆ ಮೆಲ್ಲಗೆ ತಿರುವುತ್ತಿದ್ದಳು. ಬಿಸಿನೀರು ಕೂಡದು, ಕೊರಳೊಳಗಿನ ಅಂಟು ಬಿಡುತ್ತದೆ. ತಲೆ ಕೆಳಗಾಗಿ ನೀರಲ್ಲಿ ನಿಲ್ಲಿಸಕೂಡದು, ಕೂದಲು ಸೊಟ್ಟಗಾಗುತ್ತದೆ. ಒರೆಸಿ, ಅಡ್ಡ ಮಲಗಿಸಿ, ಹುಳ ಹಿಡಿಯದಂತೆ ಡಬ್ಬಿಯಲ್ಲಿ ಕರ್ಪೂರ ಇಡುತ್ತಿದ್ದಳು.

“ಇಷ್ಟ ಆರೈಕಿ ನಿಮ್ಮ ತಲಿಗೆ ಮಾಡಿದ್ರ ನಾಕ ಕೂದಲರೆ ಉಳೀತಿದ್ವು,” ಎಂದಳು ಒಮ್ಮೆ.

“ಉಳದಿದ್ರ ಅವನ್ನೂ ಬ್ರಷ್ ಮಾಡತಿದ್ದೆ,” ಎಂದ ತಿಪ್ಪಣ್ಣ.

ಚಿತ್ರದಲ್ಲಿ ಕತ್ತಲೆ ತುಂಬುವುದೂ ಅವಳ ಕೆಲಸವೇ. ಮರದ ನೆರಳು, ದೆವ್ವದ ಜಡೆ, ಅಮಾವಾಸ್ಯೆಯ ಆಕಾಶ, ಎಲ್ಲ ಅವಳು ದಪ್ಪ ಬ್ರಷ್‌ನಲ್ಲಿ ಮಾಡಿದ್ದು. ಮುಖ ಮಾತ್ರ ಅವನದು. ನಾನೂ ಅವನವನು.

ಬಾವಿ ದೆವ್ವದ ಕಥೆಯ ಕೊನೆಯ ಹಾಳೆ. ಬಾವಿಯ ಸುತ್ತ ಒಂದು ಸಂಸಾರ, ಬಾವಿಯೊಳಗಿಂದ ಎದ್ದ ಹೆಣ್ಣುದೆವ್ವ. ಎಲ್ಲ ಮುಗಿದಿತ್ತು, ಕಣ್ಣುಗಳು ಉಳಿದಿದ್ದವು. ತಿಪ್ಪಣ್ಣ ನನ್ನನ್ನು ಕೆಳಗಿಟ್ಟು, “ನೀಲಾ, ಒಂದ ಗುಟುಕ ಚಹಾ,” ಎಂದ. ಚಹಾ ಬಂತು. ಅವನು ಗೋಡೆಗೆ ಒರಗಿದ್ದ. ಕುಡಿಯಲಿಲ್ಲ.

ಸೂತಕ ಕಳೆಯುವ ದಿನ, ಗದಗಿನಿಂದ ಬಂದಿದ್ದ ಅವನ ಅಕ್ಕ ಭರಮವ್ವ ಹಂಡೆ ತುಂಬ ನೀರು ಕಾಯಿಸಿದಳು. ಸತ್ತವನು ಮುಟ್ಟಿದ್ದನ್ನೆಲ್ಲ ತೊಳೆಯಬೇಕು. ತಾಟು, ತಂಬಿಗೆ, ಹಾಸಿಗೆ, ಕನ್ನಡಕ. ನಾನಂತೂ ಅವನ ಬಾಯಲ್ಲೇ ಇದ್ದವನು, ಮೊದಲು ಕುದಿನೀರಿಗೆ ಬಿದ್ದೆ. ನೀಲವ್ವ ತಲೆಗೆ ನೀರು ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ನನ್ನ ಕೊರಳೊಳಗಿನ ಹಿಡಿತ ಸಡಿಲಾಗಿತ್ತು.

“ಅಕ್ಕಾರ, ಬ್ರಷ್ ಬಿಸಿನೀರಾಗ ಹಾಕಿದ್ರೇನು?”

“ಸತ್ತಾಂವನ ಎಂಜಲಾ ಅದು. ಹಾಕದ, ಪೂಜಿ ಮಾಡಬೇಕಿತ್ತೇನ?”

ಭರಮವ್ವನದು ತಪ್ಪೆನ್ನಲಾರೆ. ಶಾಸ್ತ್ರದಲ್ಲಿ ನನ್ನಂಥವರ ಬಗ್ಗೆ ಏನೂ ಬರೆದಿರಲಿಕ್ಕಿಲ್ಲ.

ಹಾಳೆ ಹಲಗೆಯ ಮೇಲೇ ಇತ್ತು. ಕಣ್ಣಿಲ್ಲದ ಅಷ್ಟೂ ಮುಖಗಳು. ನೀಲವ್ವ ಮೇಲೊಂದು ಬಟ್ಟೆ ಹೊದಿಸಿದಳು, ಬೆಳಿಗ್ಗೆ ನೋಡಿದರೆ ಬಟ್ಟೆ ನೆಲದ ಮೇಲೆ. ಗಾಳಿ, ಎಂದಳು ಭರಮವ್ವ. ಕಿಟಕಿ ಮುಚ್ಚಿತ್ತು. ಅದಾದ ಮೇಲೆ ಅವಳೂ ಹಲಗೆಗೆ ಬೆನ್ನು ಹಾಕಿ ನಡೆಯುವುದನ್ನು ಬಿಟ್ಟಳು. ಹಿತ್ತಲಿಗೆ ಹೋಗಬೇಕಾದರೆ ಬಾಡಿಗೆ ಬಾಕಿ ಉಳಿಸಿಕೊಂಡವಳಂತೆ ಅಡ್ಡಡ್ಡ ಸರಿಯುತ್ತಿದ್ದಳು. ಡಬ್ಬಿಯೊಳಗೆ ನನ್ನ ಪಾಡು ಇನ್ನೂ ವಿಚಿತ್ರ. ಮಧ್ಯಾಹ್ನ ಅವನು ಕೆಲಸಕ್ಕೆ ಕೂರುತ್ತಿದ್ದ ಹೊತ್ತಿಗೆ ನನ್ನ ತುದಿ ತೇವವಾಗುತ್ತಿತ್ತು. ಹುಬ್ಬಳ್ಳಿಯ ಬೇಸಿಗೆಯಲ್ಲಿ, ಮುಚ್ಚಿದ ಡಬ್ಬಿಯಲ್ಲಿ, ತೇವ ಎಲ್ಲಿಂದ ಬರಬೇಕು?

ಪತ್ರಿಕೆಯ ಸಂಪಾದಕ ಗಲಗಲಿ ಬಂದರು. ಹಳೆಯ ಗೆಳೆಯ, ಒಳ್ಳೆಯ ಮನುಷ್ಯ, ಸ್ವಲ್ಪ ಅವಸರದವರು.

“ಹಾಳಿ ಕೊಡ್ರಿ ವೈನಿ. ನಮ್ಮಲ್ಲಿ ಬೋರ್ಡ್ ಬರಿಯಾಂವ ಒಬ್ಬಾಂವ ಇದ್ದಾನ, ಕಣ್ಣ ಹಾಕತಾನ. ಏನದ ಅದರಾಗ, ಎರಡೆರಡ ಚುಕ್ಕಿ.”

ನೀಲವ್ವ ಹಲಗೆಗೆ ಅಡ್ಡ ನಿಂತಳು. ಯಾರೋ ಬಂದು ಗಂಡ ಬರೆದ ಮುಖಗಳಿಗೆ ಚುಕ್ಕಿ ಇಟ್ಟರೆ ಅವು ಎಂದಿಗೂ ಮಲಗುವುದಿಲ್ಲ, ಅವನೂ ಮಲಗುವುದಿಲ್ಲ. ಅವಳು ಇದನ್ನು ಗಲಗಲಿಯವರಿಗೆ ಹೇಳಲಿಲ್ಲ.

“ನಾಳೆ ಸಂಜಿಗೆ ಬರ್ರಿ,” ಎಂದಳು.

“ಯಾರ ಹಾಕತಾರ?”

“ಮುಖಾ ಬರದಾವರ ಮನಿಯವರು.”

ಮರುದಿನ ಮಧ್ಯಾಹ್ನ ಅವನ ಚಾಪೆಯ ಮೇಲೆ ಕೂತಳು. ನನ್ನನ್ನು ನೀರಿಗೆ ಅದ್ದಿ ಬಟ್ಟಲಿನ ಅಂಚಿಗೆ ಒರೆಸಿದಳು. ತುದಿ ಹಾವಿನ ನಾಲಗೆಯಂತೆ ಎರಡಾಯಿತು. ಬೆರಳಿನಿಂದ ತಿರುವಿದಳು, ಮತ್ತೆ ಎರಡು. ಕುದಿನೀರು ನನ್ನನ್ನು ಅಷ್ಟು ಕೆಡಿಸಿತ್ತು. ಆಮೇಲೆ ನನ್ನನ್ನು ತುಟಿಯ ಹತ್ತಿರ ತಂದಳು.

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಭರಮವ್ವನ ಕೈ ನಿಂತಿತು. “ಬಾಯಾಗ ಇಡಬ್ಯಾಡ ನೀಲವ್ವ. ಸತ್ತಾಂವನ ಎಂಜಲಾ.”

“ನೀವ ಕುದಿಸಿ ತೊಳದೀರಲಾ ಅಕ್ಕಾರ. ಹೋಗಿರಬೇಕ.”

“ಹೋಗಿರಲಿಲ್ಲಂದ್ರ?”

“ಹೋಗಿರಲಿಲ್ಲಂದ್ರ ಇನ್ನೂ ಚಲೋ ಆತು.”

ಆ ತುಟಿ ನನಗೆ ಹೊಸದು. ಆದರೂ ಬೇರೆ ಯಾರದೋ ತುಟಿ ಅನ್ನಿಸಲಿಲ್ಲ. ಕೂದಲೆಲ್ಲ ಒಂದಾದವು, ಸೂಜಿಯ ಮೊನೆ ಬಂತು. ನೀಲವ್ವ ಕಣ್ಣು ಮುಚ್ಚಿದಳು. ಅವಳಿಗೆ ಏನು ರುಚಿ ಸಿಕ್ಕಿತೋ, ಅದನ್ನು ಅವಳು ಯಾರಿಗೂ ಹೇಳಿಲ್ಲ, ನಾನೂ ಹೇಳುವುದಿಲ್ಲ.

ಮೊದಲು ಮಗು, ಆಮೇಲೆ ಅಜ್ಜ, ಆಮೇಲೆ ತಾಯಿ. ತಿಪ್ಪಣ್ಣ ಬರೆದವರು ಯಾರೂ ಎದುರಿಗಿದ್ದವರನ್ನು ನೋಡುತ್ತಿರಲಿಲ್ಲ, ಎಲ್ಲರದೂ ಓರೆನೋಟ. ವರ್ಷಗಟ್ಟಲೆ ಹಾಗೆ ಎಳೆದೆಳೆದು ನನ್ನ ಕೂದಲೂ ಅತ್ತಲೇ ವಾಲಿತ್ತು. ನಾನು ವಾಲಿದೆ, ಅವಳ ಕೈ ನನ್ನ ಹಿಂದೆ ಬಂತು. ಹಾಳೆಯ ಮೇಲೆ ಮೂಡಿದ್ದು ಅವನದೇ ಗೆರೆ. ಸತ್ತವನೊಬ್ಬ ಹಗಲಿನಲ್ಲೇ, ಹೆಂಡತಿಯ ಕೈ ಹಿಡಿದುಕೊಂಡು, ಬಾಕಿ ಕೆಲಸ ಮುಗಿಸುತ್ತಿದ್ದ. ಭರಮವ್ವನಿಗೂ ಅದು ಕಂಡಿರಬೇಕು. ಮೊರ ಮಡಿಲಿಂದ ಜಾರಿ ಅಕ್ಕಿಯೆಲ್ಲ ಚೆಲ್ಲಿದರೂ ಅವಳು ಬಗ್ಗಲಿಲ್ಲ.

ಕೊನೆಗೆ ದೆವ್ವ. ನಾನು ಮತ್ತೆ ವಾಲಿದೆ. ನೀಲವ್ವ ವಾಲಗೊಡಲಿಲ್ಲ. ಒತ್ತಿ ಹಿಡಿದಳು. ಬುಡದಿಂದ ಒಂದು ಕೂದಲು ಕಿತ್ತು ಹಾಳೆಗೆ ಬಿತ್ತು. ಊದಿ ಹಾರಿಸಿ, ಕಣ್ಣುಗುಡ್ಡೆಯನ್ನು ನಟ್ಟನಡುವೆ ಇಟ್ಟಳು. ದೆವ್ವ ನೆಟ್ಟಗೆ ಅವಳನ್ನೇ ನೋಡಿತು. ಅವಳೂ ಅದನ್ನು ನೋಡಿದಳು, ಬಹಳ ಹೊತ್ತು.

“ಆತು,” ಎಂದಳು. “ಇನ್ನ ಮಲಗ್ರಿ.”

ಭರಮವ್ವ ಆಗ ಬಗ್ಗಿ, ಚೆಲ್ಲಿದ ಅಕ್ಕಿ ಬಳಿಯತೊಡಗಿದಳು.

ಸಂಜೆ ಗಲಗಲಿ ಹಾಳೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. “ಎಲ್ಲಾ ನಮ್ಮ ತಿಪ್ಪಣ್ಣಂದ ಅನಸ್ತದ ವೈನಿ. ಈ ದೆವ್ವೊಂದ ಬಿಟ್ಟು. ಅವನ ದೆವ್ವ ಹಿಂಗ ಎದ್ರಿಗೆ ನೋಡತಿದ್ದಿಲ್ಲ.”

“ಅವರದು ನಾಚಿಕಿ ಸ್ವಭಾವ.”

“ಮುಂದಿನ ಕಥಿ ಯಾರಿಗೆ ಕೊಡ್ಲಿ?”

“ಕಾಗದಾ ಇಲ್ಲೇ ಕಳಸ್ರಿ.”

ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ನಿದ್ದೆ ಮಾಡಿದರು. ಮಧ್ಯಾಹ್ನ ನನ್ನ ತುದಿ ತೇವವಾಗುವುದೂ ನಿಂತಿತು. ಅವರಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.

ಈಗ ನನಗೆ ಕೆಲಸವಿಲ್ಲ. ಉಳಿದ ಕೂದಲುಗಳೊಡನೆ ಡಬ್ಬಿಯಲ್ಲಿ ಮಲಗಿರುತ್ತೇನೆ. ನೀಲವ್ವ ಹೊಸ ಬ್ರಷ್ ತರಿಸಿಕೊಂಡಿದ್ದಾಳೆ. ದಿನವೂ ತೊಳೆದು ಅದನ್ನು ನನ್ನ ಪಕ್ಕದಲ್ಲೇ ಇಡುತ್ತಾಳೆ. ಅದಕ್ಕೆ ತಾನು ಬರೀ ಕೂದಲು, ಹಿಡಿಕೆ ಎಂಬ ನಂಬಿಕೆ. ನಾನು ಸುಮ್ಮನೆ ಗಮನಿಸುತ್ತೇನೆ. ಮೊದಮೊದಲು ಅದರ ತುದಿ ನೆಟ್ಟಗಿತ್ತು. ಈಚೆಗೆ ಅವಳ ಕೈ ಹೋದ ಕಡೆಗೆ ತುಸು ತುಸುವೇ ಬಾಗತೊಡಗಿದೆ. ಎಷ್ಟು ತೊಳೆದರೂ ಆ ಬಾಗು ಹೋಗುವುದಿಲ್ಲ. ತನ್ನೊಳಗೆ ಅವಳು ಸೇರಿಕೊಳ್ಳುತ್ತಿರುವುದು ಅದಕ್ಕೆ ಇನ್ನೂ ತಿಳಿದಿಲ್ಲ. ನಾನಾಗಿ ಹೇಳುವುದಿಲ್ಲ.