ತಪ್ಪಿಗೊಂದು ಪುಟ

ಅದು ಬಡಗಿಯ ಮನೆ. ಎಲ್ಲಿ ನೋಡಿದರೂ ಮರದ ತುಂಡು, ಪಟ್ಟಿ, ಹಲಗೆ. ಆದರೆ ಮಕ್ಕಳಿಗೆ ಹೊಡೆಯುವುದಕ್ಕೆಂದು ಇಟ್ಟ ಒಂದು ಕೋಲು ಮಾತ್ರ ಆ ಮನೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಬಡಗಿಯ ತಾಯಿಯ ಹೆಮ್ಮೆ. "ನಮ್ಮನೇಲಿ ಮಕ್ಕಳ ಮೇಲೆ ಕೈ ಮಾಡೋ ಪದ್ಧತಿ ಇಲ್ಲ" ಎಂದು ಆಕೆ ಬೀದಿಯ ಹೆಂಗಸರ ಮುಂದೆ ತಲೆಯೆತ್ತಿ ಹೇಳುತ್ತಿದ್ದರು.

ಹಾಗಾದರೆ ಮಕ್ಕಳು ತಪ್ಪು ಮಾಡಿದರೆ? ಅದಕ್ಕೂ ಅಜ್ಜಿಯ ಹತ್ತಿರ ಮದ್ದಿತ್ತು. ಕಿಟಕಿಯ ಕೆಳಗೆ ಒಂದು ಮಣೆ, ಮಣೆಯ ಪಕ್ಕದಲ್ಲಿ ಶಾಲೆಯ ಪುಸ್ತಕ. ಹಾಲು ಚೆಲ್ಲಿದರೆ ಒಂದು ಪುಟ ನಕಲು. ಎದುರು ಮಾತಾಡಿದರೆ ಎರಡು. ತಮ್ಮನನ್ನು ಚಿವುಟಿದರೆ ಮಗ್ಗಿ ಹತ್ತು ಸಲ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಇಡೀ ಪಾಠ. ಅದೇ ಮಗು ದಿನವಿಡೀ ತಂಟೆಯಿಲ್ಲದೆ ಕಳೆದರೆ ಅಜ್ಜಿ ಗಲ್ಲ ಹಿಡಿದು, "ಇವತ್ತು ನನ್ನ ಬಂಗಾರ ಜಾಣೆಯಾಗಿದ್ಲು. ಓದೂ ಬೇಡ ಗೀದೂ ಬೇಡ, ಹೋಗಿ ಆಡ್ಕೋ" ಎನ್ನುತ್ತಿದ್ದರು. ಇದರಲ್ಲಿ ಏನೋ ತಲೆಕೆಳಗಾಗಿದೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಬಡಗಿ ಬೆಳೆದದ್ದೂ ಅದೇ ಮಣೆಯ ಮೇಲೆ.

ಬೀದಿಯವರಿಗೂ ಈ ಪದ್ಧತಿ ಬಹಳ ಹಿಡಿಸಿತ್ತು. ಹೊಡೆತವಿಲ್ಲ, ರಂಪವಿಲ್ಲ, ಮೇಲಾಗಿ ಮಗುವಿನ ತಲೆಗೆ ನಾಲ್ಕಕ್ಷರ. ಪಕ್ಕದ ದರ್ಜಿಯ ಹೆಂಡತಿ ತನ್ನ ಇಬ್ಬರು ಗಂಡುಮಕ್ಕಳನ್ನು ರೆಟ್ಟೆ ಹಿಡಿದು ತಂದು, "ಅಮ್ಮಾ, ಇವರನ್ನೂ ಸ್ವಲ್ಪ ಕೂರಿಸಿ" ಎಂದು ಬಿಟ್ಟುಹೋದದ್ದೂ ಉಂಟು. ಕ್ರಮೇಣ ಆ ಬೀದಿಯ ಒಂದೊಂದು ಮನೆಯಲ್ಲೂ ಒಂದೊಂದು ಮಣೆ ಬಂತು. ಅವುಗಳಲ್ಲಿ ಅರ್ಧಕ್ಕರ್ಧ ಮಾಡಿಕೊಟ್ಟವನು ನಮ್ಮ ಬಡಗಿಯೇ.

ಬಡಗಿಗೆ ಎಂಟು ವರ್ಷದ ಮಗಳೂ ಒಬ್ಬ ಪುಟ್ಟ ಮಗನೂ ಇದ್ದರು. ಅವಳಿಗೆ ಅಪ್ಪ ಇಟ್ಟ ಅಡ್ಡಹೆಸರು ಯಾಕಮ್ಮ. ಮಾತು ಕಲಿತ ದಿನದಿಂದ ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಗರಗಸಕ್ಕೆ ಹಲ್ಲು ಯಾಕೆ, ಮೊಳೆಗೆ ಟೋಪಿ ಯಾಕೆ, ಅಜ್ಜಿಗೆ ಹಲ್ಲು ಯಾಕಿಲ್ಲ. ಶಾಲೆಗೆ ಸೇರಿಸಿದ ಮೊದಲ ವರ್ಷ ಅವಳನ್ನು ಹಿಡಿಯುವವರೇ ಇರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಚೀಲ ಹೆಗಲಿಗೇರಿಸಿ ಹೊಸ್ತಿಲ ಮೇಲೆ ನಿಂತಿರುತ್ತಿದ್ದಳು. ಭಾನುವಾರ ಬಂತೆಂದರೆ ಶಾಲೆಗೆ ಬೀಗ ಯಾಕೆ ಎಂದು ಅಳು.

ಆದರೆ ಯಾಕೆ ಎಂದು ಕೇಳುವುದು ಎಂಟು ವರ್ಷಕ್ಕೆ ಬರುವ ಹೊತ್ತಿಗೆ ಎದುರು ಮಾತು ಅನ್ನಿಸಿಕೊಂಡಿತು. ಎದುರು ಮಾತಿಗೆ ಎರಡು ಪುಟ. ಮೊದಮೊದಲು ಹುಡುಗಿ ಲೊಚಗುಟ್ಟುತ್ತಾ ಬರೆದು ಮುಗಿಸಿ ಓಡುತ್ತಿದ್ದಳು. ಆಮೇಲೆ ಅಕ್ಷರ ಸೊಟ್ಟಗಾಯಿತು. ಸೊಟ್ಟ ಅಕ್ಷರಕ್ಕೆ ಇನ್ನೊಂದು ಪುಟ. ಬೆಳಿಗ್ಗೆ ಹೊತ್ತು ಹೊಟ್ಟೆನೋವು ಶುರುವಾಯಿತು. ಶಾಲೆಯ ಗಂಟೆ ಹೊಡೆದ ಅರ್ಧ ಗಂಟೆಗೆ ಅದು ತಾನಾಗಿ ವಾಸಿಯಾಗುತ್ತಿತ್ತು. ಒಂದು ದಿನ ಪುಸ್ತಕವೇ ಕಾಣೆಯಾಗಿ, ಮನೆಯೆಲ್ಲ ಜಾಲಾಡಿದ ಮೇಲೆ ಮರದ ಹೊಟ್ಟಿನ ಮೂಟೆಯೊಳಗೆ ಸಿಕ್ಕಿತು. ಅಜ್ಜಿ ಅದಕ್ಕೆ ಇಡೀ ಎರಡು ಪಾಠ ಬರೆಸಿದರು.

ಮಗಳು ಮಣೆಯ ಮೇಲೆ ಬೆನ್ನು ಬಗ್ಗಿಸಿ ಕೂತಿರುವುದನ್ನು ನೋಡಿದಾಗಲೆಲ್ಲ ಬಡಗಿ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದ. ಆದರೆ ಅವನು ತಪ್ಪು ಹುಡುಕಿದ್ದು ಬೇರೆ ಕಡೆ. "ತಲೆ ನನ್ನದು ಕಣೇ" ಎಂದು ಹೆಂಡತಿಯ ಹತ್ತಿರ ಹೇಳುತ್ತಿದ್ದ. ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟವನು, ತಾನು ದಡ್ಡ ಎಂದು ಸಣ್ಣವನಿದ್ದಾಗಲೇ ತೀರ್ಮಾನಿಸಿಕೊಂಡವನು. ಕಾಗದ ಪತ್ರ ಏನು ಬಂದರೂ "ಕನ್ನಡಕ ಇಲ್ಲ, ನೀನೇ ಓದು" ಎಂದು ಹೆಂಡತಿಯ ಕೈಗೆ ದಾಟಿಸುತ್ತಿದ್ದ. ಅವನಿಗೆ ಕನ್ನಡಕವೇ ಇರಲಿಲ್ಲ. ಆಕೆಗೂ ಅದು ಗೊತ್ತಿತ್ತು, ಆದರೆ ಒಂದು ದಿನವೂ ಎತ್ತಿ ಆಡಿರಲಿಲ್ಲ.

ಒಂದು ಬೆಳಿಗ್ಗೆ ಹುಡುಗಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ನಿಂತುಬಿಟ್ಟಳು.

"ನಾನು ಶಾಲೆಗೆ ಹೋಗಲ್ಲ. ಬೇಕಾದ್ರೆ ದಿನಾ ಪಾತ್ರೆ ಎಲ್ಲ ತೊಳೀತೀನಿ, ತಮ್ಮನ್ನ ನೋಡ್ಕೋತೀನಿ. ಶಾಲೆ ಮಾತ್ರ ಬೇಡ."

ಅಂತೂ ಅತ್ತು ಕರೆದು ಅಂದು ಹೋದಳು. ಅವಳು ಹೋದ ಮೇಲೆ ಬಡಗಿ ಸೋತ ದನಿಯಲ್ಲಿ, "ಹೋಗ್ಲಿ ಬಿಡು. ಈ ವರ್ಷ ಒಂದು ಮುಗೀಲಿ, ಆಮೇಲೆ ಬಿಡಿಸಿಬಿಡೋಣ. ಓದು ಹತ್ತದೋರೆಲ್ಲ ಬದುಕ್ತಿಲ್ವಾ?" ಎಂದ.

"ರೀ, ಅವಳಿಗೆ ಓದು ಹತ್ತಿತ್ತು" ಎಂದಳು ಹೆಂಡತಿ. "ಹತ್ತಿದ್ದು ಹೇಗೆ ಬಿಟ್ಟೋಯ್ತು ಅಂತ ನೀವು ಯಾರನ್ನಾದ್ರೂ ಕೇಳಿದ್ದೀರಾ?"

ಅವನು ಕೈಚೀಲ ಎತ್ತಿಕೊಂಡು ಕೆಲಸಕ್ಕೆ ಹೊರಟ. ವರ್ಷ ಮುಗಿಯಲು ಇನ್ನು ಮೂರು ತಿಂಗಳಿತ್ತು.

ಆ ವಾರವೇ ಶಾಲೆಯಿಂದ ಕರೆ ಬಂತು. ಮಗಳ ವಿಷಯಕ್ಕಲ್ಲ, ಬೆಂಚುಗಳ ವಿಷಯಕ್ಕೆ. ಆರು ಬೆಂಚುಗಳ ಕಾಲು ಸಡಿಲವಾಗಿ ಮಕ್ಕಳು ಕೂತರೆ ಉಯ್ಯಾಲೆಯಾಡುತ್ತಿದ್ದವು. ಬಡಗಿ ಜಗಲಿಯಲ್ಲಿ ಅವನ್ನು ಕವುಚಿ ಹಾಕಿಕೊಂಡು ಕೆಲಸಕ್ಕಿಳಿದ. ಶಾಲೆಯೊಳಗೆ ಕಾಲಿಟ್ಟ ಕೂಡಲೇ ಅವನ ಅಂಗೈ ಬೆವತಿತ್ತು. ಉಳಿ ಹಿಡಿದ ಮೇಲೆ ಸರಿಹೋಯಿತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೂರನೆಯ ತರಗತಿಯ ಟೀಚರ್ ಬಂದು ಅವನ ಮುಂದೆ ನಿಂತರು. ನಡುವಯಸ್ಸಿನ ಹೆಂಗಸು, ಸೆರಗಿನ ತುಂಬಾ ಸೀಮೆಸುಣ್ಣದ ಪುಡಿ.

"ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ. ಮನೇಲಿ ಮಗಳಿಗೆ ಹೊಡೀತೀರಾ?"

"ಅಯ್ಯೋ, ಇಲ್ಲ ಟೀಚರ್. ನಮ್ಮನೇಲಿ ಆ ಪದ್ಧತಿನೇ ಇಲ್ಲ."

"ನಿನ್ನೆ ತರಗತಿಗೆ ಹೋದೋಳು, ಎಲ್ಲರೂ ಪುಸ್ತಕ ತೆಗೀರಿ ಅಂದೆ. ನಿಮ್ಮ ಮಗಳು ಎದ್ದು ನಿಂತು, 'ಟೀಚರ್, ನಾವೇನು ತಪ್ಪು ಮಾಡಿದ್ವಿ?' ಅಂತ ಕೇಳಿದ್ಲು. ಮಕ್ಕಳೆಲ್ಲ ನಕ್ಕರು. ಅವಳು ನಗಲಿಲ್ಲ, ತಮಾಷೆಗೆ ಕೇಳಿದ್ದಲ್ಲ ಅದು. ಇನ್ನೂ ಮೂವರು ನಗಲಿಲ್ಲ. ನೋಡಿದ್ರೆ ಅವರೂ ನಿಮ್ಮ ಬೀದಿಯ ಮಕ್ಕಳೇ."

ಬಡಗಿ ಹಳೆಯ ಮಾತಿಗೇ ಮೊರೆಹೋದ. "ತಲೆ ನನ್ನದು ಟೀಚರ್. ನಾನೂ ದಡ್ಡನೇ. ಅವಳಿಗೂ ಅದೇ ಬಂದಿದೆ."

"ಈ ಆರು ಬೆಂಚಿನ ಅಳತೆ ಎಲ್ಲಿ ಬರ್ಕೊಂಡಿದ್ದೀರಿ?"

"ಬರ್ಕೊಂಡಿಲ್ಲ. ಒಂದ್ಸಲ ನೋಡಿದ್ರೆ ನೆನಪಿರತ್ತೆ."

"ಸರಿ ಹೋಯ್ತು. ದಡ್ಡ ತಲೆ ಅಂದ್ರೆ ಹೀಗೇ ಇರಬೇಕು" ಎಂದು ಟೀಚರ್ ನಕ್ಕು ಅಲ್ಲೇ ಮೆಟ್ಟಿಲ ಮೇಲೆ ಕೂತರು. "ಈ ಕೆಲಸ ಯಾರು ಕಲಿಸಿದ್ದು?"

"ನಮ್ಮ ಸೋದರಮಾವ."

"ನೀವು ತಪ್ಪು ಮಾಡಿದ್ರೆ ಅವರೇನು ಮಾಡ್ತಿದ್ರು?"

ಬಡಗಿಯ ಮುಖ ಅರಳಿತು. ಮಾವನ ಮಾತು ಬಂದರೆ ಅವನಿಗೆ ಯಾವಾಗಲೂ ಹಾಗೆ. "ಕೋಪ ಬಂದ್ರೆ ಉಳಿ ಕಿತ್ಕೊಂಡ್ಬಿಡೋರು. 'ಇವತ್ತು ಉಳಿ ಮುಟ್ಟಬೇಡ, ಆಚೆ ಹೋಗಿ ಕೂತ್ಕೋ' ಅನ್ನೋರು. ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ ಟೀಚರ್. ಹೊರಗೆ ಕೂತು ಒಳಗಿನ ಸದ್ದು ಕೇಳ್ತಾ ಕೇಳ್ತಾ ಅಳು ಬರೋದು. ನಾಳೆ ಯಾವಾಗ ಆಗತ್ತೋ, ಉಳಿ ಯಾವಾಗ ಕೈಗೆ ಸಿಗತ್ತೋ ಅಂತ..."

ಅಲ್ಲಿಗೆ ಅವನ ಮಾತು ನಿಂತಿತು. ಕೈಯಲ್ಲಿದ್ದ ಉಳಿಯನ್ನು ನೋಡಿದ.

"ಮನೇಲಿ ತಪ್ಪು ಮಾಡಿದ್ರೆ ಪುಸ್ತಕ ಕೈಗೆ ಕೊಡೋರು" ಎಂದ ಬಡಗಿ ನಿಧಾನವಾಗಿ.

"ಈಗಲೂ ಕೊಡ್ತಾರಾ?"

"ಕೊಡ್ತಾರೆ."

ಇಷ್ಟೇ ಮಾತು. ಟೀಚರ್ ಉಪದೇಶ ಮಾಡಲಿಲ್ಲ. ಏಳುವಾಗ ಮಾತ್ರ, "ಶಾಲೆ ಅಂದ್ರೆ ಹಾರಿ ಬರ್ತಿದ್ದ ಮಗು ಅದು. ನನಗೆ ಅವಳ ಪ್ರಶ್ನೆಗಳು ಬೇಕು ಮೇಸ್ತ್ರಿ, ತರಗತಿ ಸಪ್ಪಗಾಗಿದೆ" ಎಂದರು.

ಬಡಗಿ ಉಳಿದ ಬೆಂಚುಗಳನ್ನು ಹೇಗೆ ಮುಗಿಸಿದನೋ ಅವನಿಗೇ ತಿಳಿಯದು. ಮೂವತ್ತು ವರ್ಷ ತನ್ನನ್ನು ತಾನು ದಡ್ಡ ಎಂದು ಕರೆದುಕೊಂಡಿದ್ದ. ಒಂದೇ ಹುಡುಗ, ಒಂದೇ ತಲೆ. ಕಿತ್ತುಕೊಂಡ ಉಳಿಯ ಮೇಲೆ ಅವನಿಗೆ ಪ್ರೀತಿ ಹುಟ್ಟಿತು, ತಲೆಗೆ ಕಟ್ಟಿದ ಪುಸ್ತಕವನ್ನು ಕಂಡು ಓಡಿಹೋದ. ಅವನಿಗೆ ದುಃಖವಾಯಿತು, ಕೋಪವೂ ಬಂತು. ಜೊತೆಗೆ ಯಾವುದೋ ಹಳೆಯ ಹೊರೆ ಇಳಿದಂತೆ ಹಗುರವೂ ಆಯಿತು. ತಾನು ದಡ್ಡನಲ್ಲ. ಹಾಗಾದರೆ ಮಗಳೂ ಅಲ್ಲ.

ಸಂಜೆ ಮನೆಗೆ ಬಂದಾಗ ಅಂಗಳದಲ್ಲಿ ಒಂದು ಹೊದಿಕೆ ಮಣ್ಣಾಗಿ ಬಿದ್ದಿತ್ತು. ಮಗಳು ಆಡುತ್ತಾ ಹಗ್ಗ ಜಗ್ಗಿ, ಆಗಷ್ಟೇ ಒಗೆದು ಹಾಕಿದ್ದನ್ನು ಬೀಳಿಸಿದ್ದಳು. ಒಳಗೆ ಮಣೆಯ ಮೇಲೆ ಕೂತು ಮೂಗು ಸುರಿಸುತ್ತಾ ಬರೆಯುತ್ತಿದ್ದಳು. ಬಡಗಿ ನೇರ ಹೋಗಿ ಅವಳ ತೊಡೆಯ ಮೇಲಿನ ಪುಸ್ತಕವನ್ನು ಮಡಚಿ ಎತ್ತಿಕೊಂಡ.

"ಏಳು. ಹೊದಿಕೆ ಕೊಳೆ ಮಾಡಿದ್ದು ನೀನು, ಒಗೆಯೋದೂ ನೀನೇ. ಅಮ್ಮ ಸೋಪು ಕೊಡ್ತಾಳೆ."

"ನಾಲ್ಕು ಪುಟ ಇದೆ ಇನ್ನೂ" ಎಂದರು ಅಜ್ಜಿ ಒಳಗಿನಿಂದ.

"ಪುಟ ಇಲ್ಲಮ್ಮ. ಇವತ್ತಿಂದ ಈ ಮನೇಲಿ ತಪ್ಪಿಗೆ ಪುಸ್ತಕ ಕೊಡೋ ಹಾಗಿಲ್ಲ."

ಮಗ ತಾಯಿಗೆ ಎದುರಾಡಿದ್ದು ಅದೇ ಮೊದಲು. ಅಜ್ಜಿ ಹೊರಗೆ ಬಂದು ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಮತ್ತೇನು ಹೊಡೀಲಾ? ನಮ್ಮಪ್ಪ ಹೊಡೀತಿದ್ದ ಹಾಗೆ ಹೊಡೀಲಾ? ಈ ಬಲಗೈ ನೋಡು, ಇವತ್ತಿಗೂ ಭುಜದಿಂದ ಮೇಲಕ್ಕೆ ಏಳಲ್ಲ. ನನ್ನ ಮಕ್ಕಳಿಗೆ ಆ ಗತಿ ಬರಬಾರ್ದು ಅಂತ ಆಣೆ ಮಾಡ್ಕೊಂಡಿದ್ದೆ. ಅದಕ್ಕೇ ಪುಸ್ತಕ ಕೊಟ್ಟೆ. ಅದಕ್ಕಿಂತ ಒಳ್ಳೇದು ಲೋಕದಲ್ಲಿ ಇನ್ನೇನಿದೆ? ನನಗಂತೂ ಯಾರೂ ಕೊಡಲಿಲ್ಲ."

ಬಡಗಿ ಪುಸ್ತಕವನ್ನು ಕೆಳಗಿಟ್ಟ. ಈ ಮಾತು ಅವನಿಗೆ ಗೊತ್ತಿರಲಿಲ್ಲ. ತಾಯಿಯ ಭುಜ ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದ.

"ನೀನು ಹೊಡೀಲಿಲ್ಲ. ಅದಕ್ಕೆ ನಿನ್ನ ಕಾಲಿಗೆ ಬೀಳ್ತೀನಿ" ಎಂದ. "ಆದ್ರೆ ಒಳ್ಳೇದನ್ನ ಶಿಕ್ಷೆ ಮಾಡಿದ್ರೆ ಅದು ಮಗುಗೆ ಒಳ್ಳೇದಾಗಿ ಕಾಣಲ್ಲಮ್ಮ. ನನ್ನ ನೋಡು. ನನಗೆ ಕನ್ನಡಕ ಗಿನ್ನಡಕ ಏನೂ ಇಲ್ಲ. ಅಕ್ಷರ ಕಂಡ್ರೆ ಈಗಲೂ ಅಂಗೈ ಬೆವರತ್ತೆ, ಏನು ತಪ್ಪು ಮಾಡಿದ್ನೋ ಅನ್ಸತ್ತೆ. ತರಗತೀಲಿ ಪುಸ್ತಕ ತೆಗೀರಿ ಅಂದ್ರೆ ಇವಳು ನಾವೇನು ತಪ್ಪು ಮಾಡಿದ್ವಿ ಅಂತ ಕೇಳ್ತಾಳಂತೆ. ಇವಳೂ ನನ್ನ ಹಾಗೇ ಆಗ್ಬೇಕಾ?"

"ನಿನಗೇನಾಗಿದೆ? ಚೆನ್ನಾಗೇ ಇದ್ದೀಯ."

"ಚೆನ್ನಾಗಿದ್ದೀನಿ. ಆದ್ರೆ ಕಾಗದ ಬಂದ್ರೆ ಹೆದರ್ತೀನಿ."

ಅಜ್ಜಿ ಒಪ್ಪಲಿಲ್ಲ. ಖಾಲಿಯಾದ ಮಣೆಯ ಮೇಲೆ ತಾವೇ ಹೋಗಿ ಕೂತು, ನಾಲ್ಕು ದಿನ ಮಗನ ಹತ್ತಿರ ಮಾತು ಬಿಟ್ಟರು. ಸೊಸೆಯ ಮೂಲಕ, "ನಿನ್ನ ಗಂಡನಿಗೆ ಹೇಳು, ಊಟಕ್ಕಾಗಿದೆ" ಎಂಬಷ್ಟೇ ಸುದ್ದಿ ಬರುತ್ತಿತ್ತು. ಬಡಗಿ ಮಗಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾನೆ ಎಂದು ಬೀದಿಯಲ್ಲೂ ಗುಸುಗುಸು ಎದ್ದಿತು. ದರ್ಜಿಯ ಹೆಂಡತಿ ಬಾಗಿಲಿಗೇ ಬಂದು, "ನೋಡ್ತಿರಿ, ಆರು ತಿಂಗಳಲ್ಲಿ ಕೈ ಮೀರ್ತಾಳೆ" ಎಂದು ಹೇಳಿಹೋದಳು.

ಒಂದು ಪದ್ಧತಿ ಬಿಟ್ಟ ಮಾತ್ರಕ್ಕೆ ಮರುದಿನವೇ ಎಲ್ಲ ಸರಿಹೋಗುತ್ತದೆಂದು ಹೇಳಿದರೆ ಅದು ಸುಳ್ಳಾದೀತು. ಹುಡುಗಿ ಚೆಲ್ಲಿದ್ದನ್ನು ಒರೆಸಿದಳು, ಮುರಿದದ್ದನ್ನು ಅಪ್ಪನ ಜೊತೆ ಕೂತು ಅಂಟಿಸಿದಳು, ತಮ್ಮನನ್ನು ಚಿವುಟಿದಾಗ ಅವನನ್ನು ಅರ್ಧ ಗಂಟೆ ಆಡಿಸಿದಳು. ಆದರೆ ಪುಸ್ತಕದ ಹತ್ತಿರ ಸುಳಿಯಲಿಲ್ಲ. ಶಾಲೆಯಿಂದ ಬಂದರೆ ಚೀಲ ಒಂದು ಮೂಲೆ, ಅವಳು ಇನ್ನೊಂದು ಮೂಲೆ. ಹೀಗೆ ಒಂದು ತಿಂಗಳು ಹೋಯಿತು. ಬಡಗಿ ಮರದ ಮೇಲೆ ಗೆರೆ ಎಳೆಯುತ್ತಾ ಎಳೆಯುತ್ತಾ, ತಾನೆಲ್ಲೋ ಎಡವಿದೆನೇ, ಇನ್ನೇನು ವರ್ಷ ಮುಗಿದು ಅವಳು ಪಾತ್ರೆ ತೊಳೆಯಲು ನಿಲ್ಲುತ್ತಾಳೇ ಎಂದು ಹೆದರುತ್ತಿದ್ದ. ಓದು ಎಂದು ಬಾಯಿಗೆ ಬಂದ ಮಾತನ್ನು ಎಷ್ಟು ಸಲ ನುಂಗಿದನೋ. ಹೊಟ್ಟೆನೋವು ಮಾತ್ರ ಮೆಲ್ಲಗೆ ಕಮ್ಮಿಯಾಗುತ್ತಾ ಬಂದು, ಒಂದು ದಿನ ಇಲ್ಲವಾಯಿತು. ಅದೇ ಅವನಿಗೆ ಧೈರ್ಯ.

ಎರಡನೆಯ ತಿಂಗಳ ಕೊನೆಯ ಒಂದು ಭಾನುವಾರ. ಬಡಗಿ ಯಾರದೋ ಮನೆಗೆ ಕಿಟಕಿ ಕೂರಿಸಿ ಹಿಂದಿರುಗಿದಾಗ ಅಂಗಳದ ಗೋಡೆಯ ಮೇಲೆ ಅಜ್ಜಿಯ ಹಾಸಿಗೆ ಒದ್ದೆಯಾಗಿ ನೇತಾಡುತ್ತಿತ್ತು. ಒಳಗೆ ಇಣುಕಿದ. ಮಗಳು ನೆಲದ ಮೇಲೆ ಬೋರಲು ಮಲಗಿದ್ದಳು, ಮುಂದೆ ಪುಸ್ತಕ ತೆರೆದಿತ್ತು. ಅಜ್ಜಿ ಮಂಚದ ಮೇಲೆ ಕೂತಿದ್ದರು.

ಎರಡು ತಿಂಗಳ ಪ್ರಯತ್ನ ನೀರುಪಾಲಾಯಿತಲ್ಲ ಎಂದುಕೊಂಡ. ಕೈಚೀಲವನ್ನು ನೆಲಕ್ಕೆ ಕುಕ್ಕಿ ತಾಯಿಯ ಕಡೆ ತಿರುಗಿದ.

ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ ಎಡಗೈ ಎತ್ತಿ ತಡೆದರು.

"ನನ್ನ ಮುಖ ನೋಡ್ಬೇಡ. ನಾನು ಹೇಳ್ಲಿಲ್ಲ. ಬಿಂದಿಗೆ ನೀರು ಪೂರ್ತಿ ನನ್ನ ಹಾಸಿಗೆ ಮೇಲೆ ಮಗುಚಿದ್ಲು, ಒಣಗಿಸೋಕೆ ಹಾಕು ಅಂದೆ, ಹಾಕಿದ್ಲು. ಆಯ್ತಲ್ಲ, ಇನ್ನು ಹೋಗಿ ಆಡ್ಕೋ ಅಂತ ಎರಡು ಸಲ ಅಂದೆ. ಕೇಳ್ಬೇಕಲ್ಲ ಇವಳು. ಬೇಕಾದ್ರೆ ನಿನ್ನ ಹೆಂಡತೀನೇ ಕೇಳು."

ಬಡಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ. ಆಕೆ ಬಾಯಿಗೆ ಸೆರಗು ಒತ್ತಿ ನಗುತ್ತಾ ಹೌದೆಂದು ತಲೆಯಾಡಿಸಿದಳು.

ಅವನು ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ದನಿ ಸರಿಮಾಡಿಕೊಂಡು, "ಪುಟ್ಟೀ, ಹೊರಗೆ ಮಕ್ಕಳೆಲ್ಲ ಆಡ್ತಿದ್ದಾರಲ್ಲ, ಹೋಗಲ್ವಾ?" ಎಂದು ಕೇಳಿದ.

ಹುಡುಗಿ ಪುಸ್ತಕದಿಂದ ಕಣ್ಣು ಕೀಳದೆ, ಅಪ್ಪನ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ತಡಿ ಅಪ್ಪ, ಬೆಳಕಿಗೆ ಅಡ್ಡ ಬರ್ತೀಯ."