ದೂತನ ಪದ್ಯ

ರಾಜ ನಾಲ್ಕನೆಯ ಸಲ ಅದೇ ಪದ್ಯವನ್ನು ಎತ್ತಿಕೊಂಡಾಗ, ಪರದೆಯ ಹಿಂದೆ ನಿಂತಿದ್ದ ಚಲುವರಾಜುವಿಗೆ ಕೋಳಿ ಕೂಗಿದ್ದು ಕೇಳಿಸಿತು. ಅದಕ್ಕೆ ಅವನು ಹೆದರಲಿಲ್ಲ. ಕೊತ್ತತ್ತಿಯ ಕೋಳಿಗಳು ಹೊತ್ತುಗೊತ್ತಿಲ್ಲದೆ ಕೂಗುವುದುಂಟು. ಆದರೆ ಪರದೆಯ ತೂತಿನಿಂದ ಇಣುಕಿದರೆ ನಾಲೆಯ ಏರಿಯ ಆಚೆ ಆಕಾಶ ಬೆಳ್ಳಗಾಗಿತ್ತು. ಚಾಪೆಯ ಮೇಲೆ ಕೂತವರ ಮುಖಗಳು ಲೈಟಿನ ಹಂಗಿಲ್ಲದೆ ಕಾಣುತ್ತಿದ್ದವು. ಅವನ ದೃಶ್ಯ ಇನ್ನೂ ಬಾಕಿಯಿತ್ತು.

ರಾಜನ ಪಾತ್ರ ಮರಿಯಯ್ಯನದು. ಊರಿಗೆ ದೊಡ್ಡ ಕುಳ, ಗಂಟಲೂ ದೊಡ್ಡದು. ಭಾವಮೈದುನರನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದ. ಪದ್ಯ ಮುಗಿಯುವುದೇ ತಡ ಅವರು 'ಒನ್ಸ್ ಮೋರ್' ಎನ್ನುವರು, ಇವನು ಬೇಡಬೇಡವೆನ್ನುತ್ತಲೇ ಮತ್ತೆ ಶುರುಮಾಡುವನು. ರಾಜನಿಗಾದರೆ ಮಂತ್ರಿಗೆ ಬೇಡವೆ? ಮಂತ್ರಿಗೂ ಭಾವಮೈದುನರಿದ್ದರು. ಸೇನಾಪತಿಗಂತೂ ಅರ್ಧ ಊರೇ ನೆಂಟರು. ಮೂರು ಗಂಟೆಗೆ ಮುಗಿಯಬೇಕಾಗಿದ್ದ ನಾಟಕ ಹೀಗೆ ಹಗಲಿಗೆ ಬಂದು ನಿಂತಿತ್ತು.

ಚಲುವರಾಜುವಿನದು ದೂತನ ಪಾತ್ರ. ಕಡೆಯ ದೃಶ್ಯದಲ್ಲಿ ಓಡಿ ಬಂದು, ರಾಣಿಯ ಮುಂದೆ ಮಂಡಿಯೂರಿ, ರಾಜ ಗೆದ್ದು ಬರುತ್ತಿದ್ದಾನೆಂಬ ಸುದ್ದಿಯನ್ನು ಒಂದೇ ಒಂದು ಪದ್ಯದಲ್ಲಿ ಹೇಳಬೇಕು. ಅದನ್ನು ಅವನು ಮೂರು ತಿಂಗಳಿಂದ ಕಬ್ಬಿನ ಗದ್ದೆಯಲ್ಲಿ, ಕಾರ್ಖಾನೆಯ ಮಿಷನ್ನಿನ ಸದ್ದಿನಲ್ಲಿ, ಕೊಟ್ಟಿಗೆಯಲ್ಲಿ ಹೇಳಿ ಹೇಳಿ, ಈಗ ಮನೆಯ ಎಮ್ಮೆ ಆ ರಾಗ ಕೇಳಿದರಷ್ಟೇ ಹಾಲು ಸೊರೆ ಬಿಡುತ್ತಿತ್ತು. ಮಂಡ್ಯದಲ್ಲಿ ಅಚ್ಚು ಹಾಕಿಸಿದ ಕರಪತ್ರದಲ್ಲಿ 'ಕಲಾವಿದರು' ಎಂಬ ತಲೆಬರಹದ ಕೆಳಗೆ ಕಟ್ಟಕಡೆಯ ಹೆಸರು ಅವನದು. ಹೆಂಡತಿ ಮಲ್ಲಿಗಮ್ಮನಿಗೆ ಓದು ಬಾರದು. ಆದರೂ ಆ ಸಾಲು ಯಾವುದೆಂದು ಕೇಳಿ ಗುರುತುಮಾಡಿಕೊಂಡು, ಕರಪತ್ರವನ್ನು ನಡುಮನೆಯ ಕಂಬಕ್ಕೆ ಅನ್ನದ ಅಗುಳಿನಿಂದ ಅಂಟಿಸಿ, ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದಳು.

ಅದೇ ಕರಪತ್ರವನ್ನು ಹಿಡಿದು ಅವನು ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ತಿರುನಾರಾಯಣ ಅಯ್ಯಂಗಾರರ ಬಳಿ ನಾಟಕದ ಮರುದಿನಕ್ಕೆ ರಜ ಕೇಳಲು ಹೋಗಿದ್ದ. ತಾನು ಕಲಾವಿದನೆಂದು ಬಾಯಿಬಿಟ್ಟು ಹೇಳಿಯೂ ಇದ್ದ. ಅಯ್ಯಂಗಾರರು ಕನ್ನಡಕದ ಮೇಲಿಂದ ನೋಡಿ ಎಷ್ಟು ಪದ್ಯವೆಂದು ಕೇಳಿದರು. ಒಂದು ಎಂದ. ಒಂದು ಪದ್ಯಕ್ಕೆ ಒಂದು ದಿನ ರಜವೇ ಎಂದು ಅವರು ಕರಪತ್ರವನ್ನು ಮಡಿಸಿ ವಾಪಸ್ಸು ಕೊಟ್ಟರು. ಸುತ್ತ ಇದ್ದವರು ನಕ್ಕರು. ಅವನಿಗೂ ನಗು ಬಂತು, ಆಮೇಲೆ ನಾಚಿಕೆಯಾಯಿತು.

ಈಗ ಹಾರ್ಮೋನಿಯಂ ಮೇಷ್ಟ್ರು ಕೆಂಪಸಿದ್ದಯ್ಯ ಪರದೆಯ ಹಿಂದಕ್ಕೆ ಬಂದರು. ರಾತ್ರಿಯೆಲ್ಲ ಬಾರಿಸಿ ಅವರ ಕಣ್ಣು ಕೆಂಡವಾಗಿತ್ತು.

"ನೋಡ್ಲಾ ಚಲುವ, ಜನ ಏಳ್ತಾವ್ರೆ. ಎಮ್ಮೆ ಕರಿಯೋರು ಎದ್ದೋದ್ರು, ಬಸ್ಸಿಗೋಗೋರು ಎದ್ದೋದ್ರು. ನಿನ್ ಸೀನು ಬುಟ್ಟು ಮಂಗಳ ಆಡ್ಬುಡ್ತೀವಿ. ಬೇಜಾರು ಮಾಡ್ಕಬೇಡ ಕಣಪ್ಪ."

ಚಲುವರಾಜು ತಲೆಯಾಡಿಸಿದ. ಬಾಡಿಗೆ ಉಡುಪಿನವರು ಅವನ ಮೈಮೇಲಿನ ಕೋಟನ್ನೂ ಪೇಟವನ್ನೂ ಬಿಚ್ಚಿಸಿಕೊಂಡರು. ಮುಖದ ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ ಕೇಳಿದರೆ, ಮರಿಯಯ್ಯನ ಕಡೆಯವರು ಸೀಸೆ ಖಾಲಿ ಮಾಡಿದ್ದರು. ಅಷ್ಟರಲ್ಲಿ ಕೆಲಸಕ್ಕೆ ಹಿಡಿಯಬೇಕಾದ ಬಸ್ಸಿನ ಹಾರನ್ ಕೇಳಿಸಿತು. ಷರಟು ಸಿಕ್ಕಿಸಿಕೊಂಡು ಓಡಿದ. ಮಲ್ಲಿಗಮ್ಮ ಸಂಜೆಯೇ ಕಟ್ಟಿ ತಂದಿದ್ದ ಬುತ್ತಿ ಹಿಡಿದು ರಸ್ತೆಯ ಬದಿಯಲ್ಲಿ ನಿಂತಿದ್ದಳು. ರಾತ್ರಿಯೆಲ್ಲ ಅವಳು ಕೂತ ಜಾಗ ಬಿಟ್ಟು ಕದಲಿರಲಿಲ್ಲ.

"ಸಂಜೆಗೆ ಅಟ್ಟೀಲಿ ಆ ಪದ್ಯವ ನಂಗೇಳೀಯಂತೆ ಬುಡು," ಎಂದು ಬುತ್ತಿಯನ್ನು ಅವನ ಕೈಗೆ ತುರುಕಿದಳು.

ಅದು ಮಂಡ್ಯದ ಮೇಲೆ ಮದ್ದೂರಿಗೆ ಹೋಗುವ ಬಸ್ಸು. ಅರ್ಧ ಬಸ್ಸು ಕಾರ್ಖಾನೆಯವರೇ, ಅವರಲ್ಲೂ ಮುಕ್ಕಾಲು ಪಾಲು ನಾಟಕದಿಂದ ಎದ್ದು ಬಂದವರು. ಅವನ ಕೆಂಪು ಕೆನ್ನೆಯನ್ನೂ ಕಾಡಿಗೆಯ ಮೀಸೆಯನ್ನೂ ನೋಡಿದ್ದೇ ನಗು ಎದ್ದಿತು. ಸುದ್ದಿ ಯಾವ ಊರಿಗೆ ಒಯ್ಯುತ್ತಿದ್ದೀಯೆಂದು ಪಕ್ಕದ ಮನೆಯ ತಿಮ್ಮಯ್ಯ ಕೇಳಿದ. ಚಲುವರಾಜು ತಾನೂ ನಕ್ಕು, ಮೀಸೆ ಒರೆಸಿಕೊಳ್ಳಲು ಹೋಗಿ ಅದನ್ನು ಕಿವಿಯವರೆಗೆ ಬಳಿದುಕೊಂಡ.

ಬಸ್ಸು ಮಂಡ್ಯ ದಾಟಿ ಸುಮಾರು ದೂರ ಬಂದಾಗ, ಮುಂದಿನ ಸೀಟಿನಲ್ಲಿ ಕಿಟಕಿಗೆ ಒರಗಿ ಮಲಗಿದ್ದ ಹೆಂಗಸು ಕಣ್ಣುಬಿಟ್ಟಳು. ರಾಣಿಯ ಪಾತ್ರಕ್ಕೆ ಕರೆಸಿದ್ದ ಮದ್ದೂರಿನ ನಟಿ ಚೂಡಾಮಣಿ. ಇಪ್ಪತ್ತು ವರ್ಷದಿಂದ ಊರೂರು ತಿರುಗಿ ರಾಣಿಯಾಗಿದ್ದವಳು.

"ಏನಪ್ಪ ದೂತ, ನನ್ನ ಸುದ್ದಿ ನನಗೆ ಕೊಡದೆ ಹೋಗ್ತಿದ್ದೀಯಲ್ಲ?" ಎಂದಳು.

ಚಲುವರಾಜು ತಲೆ ತಗ್ಗಿಸಿ, "ಬುಡಿ ಅಮ್ಮ. ಒಂದ್ ಪದ್ಯದೋನು ನಾನು. ಕಲಾವಿದ ಅಂತ ಅಚ್ಚಾಕ್ಸ್ಕಂಡಿದ್ದೇ ಎಚ್ಚಾಯ್ತು," ಎಂದ.

"ಅದೆಲ್ಲ ನನಗೆ ಗೊತ್ತಿಲ್ಲ. ಯುದ್ಧಕ್ಕೆ ಹೋದ ಗಂಡ ಇದಾನೋ ಇಲ್ಲವೋ ಅಂತ ರಾತ್ರಿಯೆಲ್ಲ ಅತ್ತಿದ್ದೀನಿ. ನೀನು ಬಂದು ಹೇಳೋವರೆಗೂ ನಾನು ರಾಣೀನೇ. ಹಿಂಗೇ ಮನೆಗೆ ಹೋಗಿ ಸೊಪ್ಪು ಸೋಸಲಾ?"

ಯಾರೂ ನಗಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಅಷ್ಟಕ್ಕೇ ಬಸ್ಸಿನ ಸೀಟು ಸಿಂಹಾಸನವಾದ ಹಾಗೆ ಅವನಿಗೆ ಕಂಡಿತು. ರಣರಂಗದ ಕಡೆಯಿಂದ ಧೂಳೇಳುತ್ತಿದೆ, ಬರುತ್ತಿರುವವನು ಯಾರೆಂದು ಅವಳು ನಾಟಕದ ಮಾತಿನಲ್ಲೇ ಕೇಳಿದಳು. ದನಿ ನಿಜವಾಗಿಯೂ ನಡುಗುತ್ತಿತ್ತು.

ಚಲುವರಾಜು ಬುತ್ತಿಯನ್ನು ತಿಮ್ಮಯ್ಯನ ಮಡಿಲಿಗೆ ಹಾಕಿದ. ಚಪ್ಪಲಿ ಕಳಚಿದ. ಬಗ್ಗಿ, ರಂಗಕ್ಕೆ ಇಳಿಯುವ ಮೊದಲು ಮಾಡಬೇಕೆಂದು ಮೇಷ್ಟ್ರು ಹೇಳಿಕೊಟ್ಟಿದ್ದಂತೆ ಬಸ್ಸಿನ ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬಾಳೆಗೊನೆ, ಹಾಲಿನ ಕ್ಯಾನುಗಳ ನಡುವೆ ಮಂಡಿಯೂರಿದ.

"ಮೂಡಿದನದೋ ನೇಸರನು ತಾಯೆ, ಗೆಲಿದು ಬರುತಿಹನು ನಿನ್ನ ದೊರೆಯು..."

ಮೊದಲ ಸಾಲು ಬಿರುಕುಬಿಟ್ಟಿತು. ಎರಡನೆಯದರಲ್ಲಿ ಗಂಟಲು ತೆರೆಯಿತು. ಆಮೇಲೆ ಅವನಿಗೆ ಬಸ್ಸೂ ತಿಳಿಯಲಿಲ್ಲ, ಕಾರ್ಖಾನೆಯೂ ತಿಳಿಯಲಿಲ್ಲ. ಮೂರು ತಿಂಗಳಲ್ಲಿ ಒಮ್ಮೆಯೂ ದಕ್ಕದಿದ್ದ ಆ ಮೇಲಿನ ಸ್ವರದ ಎಳೆತ ತಾನಾಗಿ ಬಂದು ನಾಲಿಗೆಯ ಮೇಲೆ ಕೂತಿತು. ಕಿಟಕಿಯಿಂದ ನಿಜವಾದ ಸೂರ್ಯನೇ ಎದ್ದು ಬಂದು ಚೂಡಾಮಣಿಯ ಮುಖದ ಮೇಲೆ ಬಿದ್ದ. ಗಂಡ ಬದುಕಿದ್ದಾನೆಂದು ಕೇಳಿದ ಹೆಂಗಸಿನ ಮುಖ ಹೇಗಾಗಬೇಕೋ ಹಾಗೆ ಆ ಮುಖ ಅರಳಿತು. ಅದನ್ನು ನೋಡಿ ಅವನಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಕಂಡಕ್ಟರು ಟಿಕೆಟ್ಟಿನ ಕಟ್ಟು ಹಿಡಿದು ಹಾಗೇ ನಿಂತಿದ್ದ.

ಪದ್ಯ ಮುಗಿದಾಗ ಚೂಡಾಮಣಿ ತನ್ನ ಮುಡಿಯ ಬಾಡಿದ ಕನಕಾಂಬರವನ್ನು ತೆಗೆದು, ಸುದ್ದಿ ತಂದವನಿಗೆ ರಾಣಿ ಕೊಡುವ ಉಡುಗೊರೆಯಂತೆ ಅವನ ಬೊಗಸೆಗೆ ಹಾಕಿದಳು. "ಇನ್ನು ನಿದ್ದೆ ಬರುತ್ತಪ್ಪ," ಎಂದು ಮತ್ತೆ ಕಿಟಕಿಗೆ ಒರಗಿದಳು. ತಿಮ್ಮಯ್ಯ 'ಒನ್ಸ್ ಮೋರ್' ಎನ್ನಲು ಬಾಯಿ ತೆರೆದವನು ಹೊರಗೆ ನೋಡಿ ಹೌಹಾರಿದ. ಕಾರ್ಖಾನೆಯ ಗೇಟು ಹಿಂದೆ ಹೋಗಿ ಎರಡು ಫರ್ಲಾಂಗು ಆಗಿತ್ತು. ಪದ್ಯದ ನಡುವೆ ಬ್ರೇಕು ಹಾಕಲು ಮನಸ್ಸಾಗಲಿಲ್ಲವೆಂದು ಡ್ರೈವರು ಹೇಳಿದ.

ಹದಿನಾಲ್ಕು ಜನ ಹೆದ್ದಾರಿಯಲ್ಲಿ ಬುತ್ತಿ ಹಿಡಿದು ಹಿಂದಕ್ಕೆ ನಡೆದರು. ಒಬ್ಬನೂ ಗೊಣಗಲಿಲ್ಲ. ಇಬ್ಬರಂತೂ ಆ ರಾಗವನ್ನೇ ಗುನುಗುತ್ತಿದ್ದರು. ಅವರು ಗೇಟು ಮುಟ್ಟುವ ಹೊತ್ತಿಗೆ ಸೈರನ್ ಕೂಗಿ ಆಗಿತ್ತು. ಕಿಟಕಿಯ ಹಿಂದೆ ತಿರುನಾರಾಯಣ ಅಯ್ಯಂಗಾರರು ಹಾಜರಿ ಪುಸ್ತಕ ಮುಚ್ಚಿಟ್ಟುಕೊಂಡು ಕೂತಿದ್ದರು. ಎಲ್ಲರಿಗೂ ಒಟ್ಟಿಗೆ ತಡವಾಗುವುದೆಂದರೇನೆಂದು ಕೇಳಿದರು.

ತಿಮ್ಮಯ್ಯ ಮುಂದೆ ಬಂದ. "ಕಲಾವಿದ್ರು ಪದ್ಯ ಏಳ್ತಿದ್ರು ಸ್ವಾಮಿ. ಮಧ್ಯದಲ್ಲಿ ಎಂಗೆ ಎದ್ದು ಬರಾದು?"

ಚಲುವರಾಜು ಹಿಂತಿರುಗಿ ನೋಡಿದ, ಯಾರನ್ನು ಹೇಳುತ್ತಿದ್ದಾನೆಂದು. ಅಯ್ಯಂಗಾರರು ಕನ್ನಡಕ ತೆಗೆದು, ಬೆವರಿಗೆ ಇಳಿದ ಬಣ್ಣವನ್ನೂ ಕಿವಿಗೆ ಹತ್ತಿದ ಮೀಸೆಯನ್ನೂ ಕೈಯಲ್ಲಿದ್ದ ಕನಕಾಂಬರವನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕವನ್ನು ಮತ್ತೆ ತೆರೆದರು.

"ಒಂದೇ ಪದ್ಯ ಅಂದಿದ್ದೆ ಅಲ್ಲವೇನಯ್ಯಾ?" ಎಂದು ದನಿ ತಗ್ಗಿಸಿ ಕೇಳಿದರು. "ಇವರ ಹೆಸರೆಲ್ಲ ಬರೆಯೋಕೆ ನನಗೆ ಹೇಗೂ ಐದು ನಿಮಿಷ ಬೇಕು."

ಚಲುವರಾಜು ಬುತ್ತಿಯನ್ನೂ ಹೂವನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟ. ಚಪ್ಪಲಿಯನ್ನು ಗೇಟಿನ ಪಕ್ಕಕ್ಕೆ ಬಿಟ್ಟು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಬೆರಳಿಗೆ ಹತ್ತಿದ್ದ ಮಣ್ಣು ಮುಖದ ಬಣ್ಣದ ಮೇಲೆ ಹಾಗೇ ಉಳಿಯಿತು.