ಇಲ್ಲದ ಬೆರಳಿನ ನೋವು

"ಇಲ್ಲದ ಬೆರಳು ಹ್ಯಾಂಗೆ ನೋಯ್ತದೆ?"

ಯಾರನ್ನೂ ಕೇಳಿದ್ದಲ್ಲ. ಕಾರವಾರದ ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು, ಗೋಡೆ ನೋಡುತ್ತ ದೇವಿದಾಸ ಅಂದದ್ದು. ಚಿತ್ತಾಕುಲದ ಮೀನುಗಾರ. ಬೇಸಿಗೆಯಲ್ಲಿ ಬೋಟಿನ ಮೇಲೆ, ಬಲೆ ಎಳೆಯುವ ಯಂತ್ರದ ಹಗ್ಗಕ್ಕೆ ಸಿಕ್ಕು ಬಲಗೈಯ ಎರಡು ಬೆರಳು ಹೋದವು. ಗಾಯ ಮಾಗಿತು. ಹೋದ ಬೆರಳುಗಳು ಮಾತ್ರ ಇನ್ನೂ ಆ ಹಗ್ಗವನ್ನು ಬಿಗಿಹಿಡಿದೇ ಇದ್ದಂತೆ ಸೆಳೆಯುತ್ತಿದ್ದವು. ನೋವು ಮಾತ್ರೆಗೆ ಬಗ್ಗಲಿಲ್ಲ, ಹರಕೆಗೂ ಬಗ್ಗಲಿಲ್ಲ. ನಿದ್ದೆಯಿಲ್ಲದೆ ಮನುಷ್ಯ ಅರ್ಧವಾಗಿದ್ದ.

ಕೊನೆಗೆ ಡಾಕ್ಟರು, ಅಂಕೋಲೆಯ ಶ್ರೀರಕ್ಷಾ, ಸಮ್ಮೋಹನ ಮಾಡಿ ನೋಡೋಣ ಎಂದಿದ್ದರು.

"ಎಚ್ಚರ ತಪ್ಪಿಸ್ತ್ರಾ ಡಾಕ್ಟರ್‌ಬಾಯಿ?"

"ಇಲ್ಲ ದೇವಿದಾಸಣ್ಣ. ನೋವಿನ ಮೇಲಿದ್ದ ಗಮನ ಬೇರೆ ಕಡೆ ತಿರುಗಿಸೂದು, ಅಷ್ಟೇ. ಕಣ್ಣು ಮುಚ್ಚಿ. ನೀವು ದೋಣಿಯಲ್ಲಿದ್ದೀರಿ. ಅಲೆಯಿಲ್ಲ, ಗಾಳಿಯಿಲ್ಲ, ಸಮುದ್ರ ಶಾಂತವಾಗಿದೆ..."

ದೇವಿದಾಸ ಥಟ್ಟನೆ ಕಣ್ಣು ಬಿಟ್ಟ. "ಗಾಳಿ ಪೂರಾ ಬಿದ್ರೆ ನಮ್ಗೆ ಎದೆ ಹಾರ್ತದೆ ಬಾಯಿ. ತುಫಾನಿಗೆ ಮೊದ್ಲು ಹಾಂಗೇ."

ಪಕ್ಕದಲ್ಲಿದ್ದ ಹೆಂಡತಿ ಹೀರಾ ನಕ್ಕಳು. "ಸಮುದ್ರ ಅಂದ್ರೆ ಇವ್ರ ಆಫೀಸು. ಆಫೀಸಲ್ಲಿ ಯಾರಿಗೆ ನಿದ್ದೆ ಬರ್ತದೆ?"

"ಕೆಲವು ಆಫೀಸಲ್ಲಿ ಬರ್ತದೆ," ಎಂದು ಶ್ರೀರಕ್ಷಾ ಅವರೂ ನಕ್ಕರು. "ಹಾಗಾದ್ರೆ ನಿಮ್ಮ ಮನಸ್ಸು ನಿಲ್ಲೂದು ಎಲ್ಲಿ? ನೀವೇ ಹೇಳಿ."

"ಬಲೆ ಹೊಲಿವಾಗ. ಚಪ್ಪರದಡಿ."

ಮಾತು ಚಪ್ಪರದಡಿಗೆ ಬಂತು. ಬಲೆಯ ಹರಿದ ಕಣ್ಣು, ನೂಲು, ಗಂಟು. ಮತ್ತೊಂದು ಕಣ್ಣು, ನೂಲು, ಗಂಟು. ಪಾರಾಯಣದ ಪದ್ಯದಂತೆ ಡಾಕ್ಟರ ದನಿ ಹೋದಲ್ಲಿಗೇ ಹೋಗಿ ಬಂದಲ್ಲಿಗೇ ಬಂತು. ದೇವಿದಾಸನ ಉಸಿರು ನೀಳವಾಯಿತು.

"ಈಗ ಹಗ್ಗ ಸಡಿಲಾಗಿದೆ. ಹಿಡಿದದ್ದು ಸಾಕು. ಬೆರಳು ಬಿಡಿ, ಒಂದೊಂದಾಗಿ."

ಉಳಿದ ಬೆರಳುಗಳು ಮೆಲ್ಲಗೆ ಅರಳಿದವು. ಗಂಟಿಕ್ಕಿದ್ದ ಹುಬ್ಬು ಬಿಚ್ಚಿತು. "ಬಿಟ್ತು," ಎಂದ, ಕಣ್ಣು ಮುಚ್ಚಿಕೊಂಡೇ.

ಹೀರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡ ಕಣ್ಣಿಗೆ ಇನ್ನೊಂದು ಕಂಡಿತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಂದಿನ ವಾರ ಮುಗಿಯುತ್ತದೆ. ಆಮೇಲೂ ಗಂಡನನ್ನು ದಡದಲ್ಲಿ ಕಟ್ಟಿಹಾಕಬಹುದಾಗಿದ್ದದ್ದು ಈ ನೋವೊಂದೇ, ಈಗ ಅದೂ ಬಿಟ್ಟಿತು. ಅವಳು ಡಾಕ್ಟರ ಕಿವಿಯ ಹತ್ತಿರ ಬಗ್ಗಿದಳು.

"ಬಾಯಿ, ಈಗ ನೀವ್ ಹೇಳಿದ್ದು ಒಳಗೆ ಇಳೀತದೆ ಅಲ್ಲಾ? ಬೋಟು ಸಾಕು, ಸಮುದ್ರ ಬೇಡ ಅಂತ ಒಂದ್ ಮಾತು ಹೇಳಿಬಿಡಿ. ನಾ ಹೇಳಿ ಹೇಳಿ ಸೋತೆ. ನಿಮ್ಮ ಕಾಲಿಗೆ ಬೀಳ್ತೆ."

ಶ್ರೀರಕ್ಷಾ ಅವಳ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

"ಇಲ್ಲ ಹೀರಕ್ಕಾ. ನೋವಿಗೆ ಅಂತ ಮಾತ್ರ ಅವ್ರು ನನ್ನನ್ನ ಮನಸ್ಸಿನೊಳಗೆ ಬಿಟ್ಕಂಡದ್ದು. ಅದನ್ನ ನಾ ಹೇಳೂದಿಲ್ಲ."